ಓದಲು ಇಂಗ್ಲೆಂಡಿಗೆ, ಜೊತೆಗೆ ಉಪ್ಪ-ಉಮ್ಮ: ಮೊದಲ ಮೂರು ವಾರ ಹೇಗೆ ಮಾಡಿಕೊಳ್ಳಬೇಕು

ಕೊಡಗಿನ ನಮ್ಮ ಸಿದ್ದಾಪುರದ ಕಡೆ ಹೊರದೇಶ ಅಂದರೆ ಗಲ್ಫ್. ಅಲ್ಲಿಗೆ ಹೋಗುವವರು ಒಬ್ಬರೇ ಹೋಗುತ್ತಾರೆ, ರೂಮಿನಲ್ಲಿ ಊರಿನವರೇ ಇರುತ್ತಾರೆ, ಹೊತ್ತಿಗೆ ಸರಿಯಾಗಿ ಬಾಂಗು ಕೇಳಿಸುತ್ತದೆ, ಮನೆಯವರಿಗೆ ಅಷ್ಟೊಂದು ಆತಂಕ ಇರುವುದಿಲ್ಲ. ಓದಲು ಇಂಗ್ಲೆಂಡಿಗೆ ಹೋಗುವುದು ಹಾಗಲ್ಲ. ಅದರಲ್ಲೂ ಹೆಣ್ಣುಮಕ್ಕಳು ಹೊರಟರೆ ಮನೆಯವರಿಗೆ ನಿದ್ದೆ ಬರುವುದಿಲ್ಲ. ನಾನು ಬರ್ಮಿಂಗ್‌ಹ್ಯಾಮಿಗೆ ಬಂದಾಗ ಉಪ್ಪ, ಉಮ್ಮ (ಅಪ್ಪ, ಅಮ್ಮ) ಇಬ್ಬರೂ ಜೊತೆಗೆ ಬಂದು ಮೂರು ವಾರ ಇದ್ದು ಹೋದರು. ಈ ವರ್ಷ ವಿರಾಜಪೇಟೆ, ನಾಪೋಕ್ಲು ಕಡೆಯ ಮೂರ್ನಾಲ್ಕು ಮಂದಿ ಅದೇ ಯೋಚನೆಯಲ್ಲಿದ್ದಾರೆ. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳುತ್ತೇನೆ. ಅಪ್ಪ-ಅಮ್ಮನ ಜೊತೆ ಬಂದರೆ ಎಲ್ಲರೂ ಲಂಡನ್ ತೋರಿಸುವ ಪ್ಲಾನ್ ಹಾಕುತ್ತಾರೆ. ಅದು ಆಮೇಲೆ. ಅವರು ಊರಿಗೆ ವಾಪಸ್ ಹೋಗಿ ರಾತ್ರಿ ಮಲಗುವಾಗ ನಿಮ್ಮನ್ನು ನೆನೆಸಿಕೊಂಡರೆ, ನೀವು ಎಲ್ಲಿ ನಿಂತು ನಮಾಜು ಮಾಡುತ್ತೀರಿ, ಕೋಳಿ ಎಲ್ಲಿಂದ ತರುತ್ತೀರಿ, ಕತ್ತಲಾದ ಮೇಲೆ ಯಾವ ದಾರಿಯಲ್ಲಿ ರೂಮಿಗೆ ಬರುತ್ತೀರಿ, ಜ್ವರ ಬಂದರೆ ಯಾರ ಹತ್ತಿರ ಹೋಗುತ್ತೀರಿ, ಇಷ್ಟೂ ಅವರ ಕಣ್ಣ ಮುಂದೆ ಬರಬೇಕು. ಇಷ್ಟಾದರೆ ಟಿಕೆಟ್‌ಗೆ ಹಾಕಿದ ದುಡ್ಡು ದಂಡವಲ್ಲ.

ವೀಸಾ, ಕಾಗದಪತ್ರ

ನಿಮ್ಮದು ಸ್ಟೂಡೆಂಟ್ ವೀಸಾ. ಅವರದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಎರಡೂ ಬೇರೆ ಬೇರೆ ಅರ್ಜಿ, ಒಂದಕ್ಕೊಂದು ಸಂಬಂಧ ಇಲ್ಲ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ನಿಮಗೆ ಟಿಬಿ ಟೆಸ್ಟ್ ಕಡ್ಡಾಯ, ಯಾಕೆಂದರೆ ನೀವು 6 ತಿಂಗಳಿಗಿಂತ ಜಾಸ್ತಿ ಇರುತ್ತೀರಿ. ಅವರಿಗೆ ಅದು ಬೇಕಿಲ್ಲ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ಸಾಧ್ಯವಾದರೆ ಮೂವರ ಕೆಲಸವನ್ನೂ ಒಂದೇ ಓಡಾಟದಲ್ಲಿ ಮುಗಿಸಿಕೊಳ್ಳಿ.

ತೋಟದವರಿಗೆ ಇಲ್ಲಿ ಒಂದು ತೊಡಕಿದೆ. ಕಾಫಿಯನ್ನು ಹಣ್ಣಾಗಿಯೋ ಒಣಗಿಸಿಯೋ ಹಾಗೇ ಮಾರುವವರ ಆದಾಯ ಕೃಷಿ ಆದಾಯ, ಇನ್‌ಕಮ್ ಟ್ಯಾಕ್ಸ್ ಇಲ್ಲ. ಹಾಗಾಗಿ ಎಷ್ಟೋ ಮನೆಯಲ್ಲಿ ರಿಟರ್ನ್ಸ್ ಫೈಲ್ ಮಾಡಿರುವುದೇ ಇಲ್ಲ. ವೀಸಾದವರಿಗೆ ಇದು ಗೊತ್ತಿರಬೇಕೆಂದೇನಿಲ್ಲ, ನೀವೇ ತಿಳಿಸಬೇಕು. ಆರ್‌ಟಿಸಿ, ಕಾಫಿ ಮತ್ತು ಮೆಣಸು ಮಾರಿದ ಬಿಲ್ಲುಗಳು, ಆ ದುಡ್ಡು ಬ್ಯಾಂಕಿಗೆ ಬಂದಿರುವ ಸ್ಟೇಟ್‌ಮೆಂಟ್ ಇವನ್ನೆಲ್ಲ ಸೇರಿಸಿ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದು ಒಂದು ಪುಟದ ಪತ್ರದಲ್ಲಿ ಬರೆದು ಇಡಿ. ಅರ್ಜಿ ಹಾಕುವ ಹಿಂದಿನ ವಾರ ಯಾರಿಂದಲೋ ದೊಡ್ಡ ಮೊತ್ತ ತಂದು ಖಾತೆಗೆ ಹಾಕಬೇಡಿ. ಅದೇ ಅನುಮಾನಕ್ಕೆ ಕಾರಣವಾಗುತ್ತದೆ. ವಾಪಸ್ ಬರುತ್ತಾರೆ ಎನ್ನುವುದಕ್ಕೆ ನಾವು ಕುಯ್ಲಿನ ವಿಷಯವನ್ನೇ ಬರೆದೆವು: ನವೆಂಬರ್ ಕೊನೆಗೆ ಅರೇಬಿಕಾ ಹಣ್ಣಾಗುತ್ತದೆ, ಆಮೇಲೆ ರೊಬಸ್ಟಾ, ಆಗ ಉಪ್ಪ ತೋಟದಲ್ಲಿ ಇರಲೇಬೇಕು. ಇದ್ದ ಸಂಗತಿ ಅಷ್ಟೇ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಗಮನ ಕೊಟ್ಟು ಓದಿ. ನೀವು ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ, ಆದ್ದರಿಂದ ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ನಿಮಗೆ ಬಿಲ್ ಬರುವುದಿಲ್ಲ. ಅವರು ಅದನ್ನು ಕಟ್ಟಿಲ್ಲ. ಎಮರ್ಜೆನ್ಸಿ ವಿಭಾಗದಲ್ಲಿ ನೋಡುವುದು ಅವರಿಗೂ ಉಚಿತ. ಆದರೆ ವಾರ್ಡಿಗೆ ಸೇರಿಸಿಕೊಂಡರೆ ಅಲ್ಲಿಂದ ಬಿಲ್ ಶುರು, ಅದೂ ಸಾಮಾನ್ಯ ವೆಚ್ಚದ ಒಂದೂವರೆ ಪಟ್ಟು. ಉಪ್ಪನಿಗೆ ಸಕ್ಕರೆ ಕಾಯಿಲೆ, ಉಮ್ಮನಿಗೆ ಬಿಪಿ ಇದ್ದರೆ ಅದನ್ನು ಮುಚ್ಚಿಡದೆ ಹೇಳಿ, ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವ ಪಾಲಿಸಿಯನ್ನೇ ಮಾಡಿಸಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಮಾತ್ರೆ, ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಸ್ಟ್ರಿಪ್‌ನಿಂದ ತೆಗೆದು ಡಬ್ಬಿಗೆ ಹಾಕಬೇಡಿ, ಡಾಕ್ಟರ್ ಚೀಟಿಯೂ ಜೊತೆಗಿರಲಿ.

ಪೆಟ್ಟಿಗೆಯಲ್ಲಿ ಏನು ಇರಬೇಕು

ಉಮ್ಮ ಒಂದು ವಾರದಿಂದ ಕಟ್ಟಿಟ್ಟ ಗಂಟಿನಲ್ಲಿ ಅರ್ಧ ತೆಗೆಸಬೇಕಾಯಿತು. ಭಾರತದಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಂದರೆ ಉಪ್ಪು ಹಾಕಿ ಒಣಗಿಸಿದ ಮಾಂಸ ಬೇಡ, ಮನೆ ತುಪ್ಪವೂ ಬೇಡ. ಹಸಿ ತರಕಾರಿ, ಸೊಪ್ಪಿನ ತಂಟೆಗೂ ಹೋಗಬೇಡಿ. ಜೇನುತುಪ್ಪ ಒಬ್ಬರಿಗೆ 2 ಕಿಲೋವರೆಗೆ ಒಯ್ಯಬಹುದು. ಒಣಮೀನಿಗೂ ಅವಕಾಶ ಇದೆ. ಆದರೆ ನಾಲ್ಕು ಪ್ಲಾಸ್ಟಿಕ್ ಕವರ್ ಸುತ್ತಿ, ಇಲ್ಲದಿದ್ದರೆ ಬಟ್ಟೆಗೆಲ್ಲ ವಾಸನೆ ಹಿಡಿಯುತ್ತದೆ. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಮನೆಯಲ್ಲಿ ಮಾಡಿದ ಮಸಾಲೆ ಪುಡಿ ಧಾರಾಳವಾಗಿ ತನ್ನಿ. ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ ರಸ) ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿಡಿ. ಅಕ್ಕಿ ಹೊತ್ತು ತರುವುದು ಸುಮ್ನೆ ಭಾರ, ಇಲ್ಲಿ ಎಲ್ಲ ಥರದ ಅಕ್ಕಿಯೂ ಸಿಗುತ್ತದೆ. ಪತ್ತಿರಿಗೆ (ನಮ್ಮ ಅಕ್ಕಿರೊಟ್ಟಿಗೆ) ಬೇಕಾದ ಅಕ್ಕಿಹಿಟ್ಟು, ತೆಂಗಿನಕಾಯಿ ಮಲಯಾಳಿ ಅಂಗಡಿಗಳಲ್ಲಿವೆ. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಒರಳು ಮಾತ್ರ ಊರಿನದೇ ಬೇಕು ಎಂದು ಉಮ್ಮ ಹಟ ಹಿಡಿದರು. ಅವರು ಹೇಳಿದ್ದೇ ಸರಿ, ವಾರಕ್ಕೆ ಎರಡು ಸಲ ಅದು ಕೆಲಸಕ್ಕೆ ಬರುತ್ತಿದೆ.

ಸ್ವೆಟರ್ ಊರಿಂದ ರಾಶಿ ತರಬೇಡಿ. ಮಳೆ ನಮಗೆ ಹೊಸದಲ್ಲ, ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಇಲ್ಲಿನದು ಅದರ ಕಾಲು ಭಾಗದಷ್ಟು. ಆದರೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುವ ಜಿಟಿಜಿಟಿ ಮಳೆ, ಅದಕ್ಕೆ ಕೊಡೆ ನಿಲ್ಲುವುದಿಲ್ಲ. ಟೋಪಿ ಇರುವ ರೈನ್‌ಕೋಟ್ ಇರಲಿ. ಉಮ್ಮನಿಗೆ ಜಾರದ ಶೂ ಊರಲ್ಲೇ ಕೊಡಿಸಿ, ಒಂದು ವಾರ ಅದರಲ್ಲೇ ನಡೆಸಿ ಅಭ್ಯಾಸ ಮಾಡಿಸಿ. ಚಪ್ಪಲಿಯಲ್ಲಿ ಇಲ್ಲಿನ ಒದ್ದೆ ಎಲೆಗಳ ಮೇಲೆ ನಡೆಯಲು ಆಗುವುದಿಲ್ಲ.

ಇಳಿದ ದಿನ

ಹೀಥ್ರೂನಲ್ಲಿ ಇಳಿದರೆ ಮೂವರೂ ಒಟ್ಟಿಗೇ ಆಫೀಸರ್ ಇರುವ ಸಾಲಿಗೆ ಹೋಗಿ. ಅಪ್ಪ-ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂದರೆ ಹೆದರುವ ಅಗತ್ಯ ಇಲ್ಲ. ಎಷ್ಟು ದಿನ ಇರುತ್ತೀರಿ, ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್, ಕೇಳುವುದು ಹೆಚ್ಚಾಗಿ ಇಷ್ಟೇ. ರಿಟರ್ನ್ ಟಿಕೆಟ್ ಮತ್ತು ಉಳಿಯುವ ಮನೆಯ ವಿಳಾಸ ಪ್ರಿಂಟ್ ಮಾಡಿ ಉಪ್ಪನ ಜೇಬಿನಲ್ಲೇ ಇಡಿ, ನಿಮ್ಮ ಫೋನಿನಲ್ಲಿ ಮಾತ್ರ ಬೇಡ. ಅಲ್ಲಿಂದ ಬರ್ಮಿಂಗ್‌ಹ್ಯಾಮಿಗೆ ನೇರ ಬಸ್ ಇದೆ, ಸುಮಾರು ಮೂರು ಗಂಟೆ. ದುಬೈ ಮೇಲೆ ಬರುವ ವಿಮಾನವಾದರೆ ಬರ್ಮಿಂಗ್‌ಹ್ಯಾಮಿನಲ್ಲೇ ಇಳಿಯಬಹುದು. ವಯಸ್ಸಾದವರ ಜೊತೆ ಬರುವುದಾದರೆ ಅದೇ ಒಳ್ಳೆಯದು.

ಹಾಸ್ಟೆಲ್ ರೂಮಿನಲ್ಲಿ ಅವರನ್ನೂ ಇಟ್ಟುಕೊಳ್ಳಬಹುದು ಅಂದುಕೊಳ್ಳಬೇಡಿ. ಹೆಚ್ಚಿನ ಕಡೆ ಒಂದೆರಡು ರಾತ್ರಿಗಿಂತ ಜಾಸ್ತಿ ಅತಿಥಿಗಳಿಗೆ ಬಿಡುವುದಿಲ್ಲ, ಕರಾರಿನಲ್ಲಿ ಬರೆದಿರುತ್ತದೆ. ನಡೆದು ಹೋಗುವಷ್ಟು ಹತ್ತಿರದಲ್ಲಿ ಅಡುಗೆಮನೆ ಇರುವ ಸಣ್ಣ ಮನೆಯನ್ನು ಮೂರು ವಾರಕ್ಕೆ ಹಿಡಿಯಿರಿ. ಹೋಟೆಲ್ ಬೇಡವೇ ಬೇಡ. ಒಲೆ ಇಲ್ಲದ ಕೋಣೆಯಲ್ಲಿ ಉಮ್ಮನನ್ನು ಕೂರಿಸಿದರೆ ಎರಡನೇ ದಿನಕ್ಕೇ ಮನೆಗೆ ಹೋಗೋಣ ಅನ್ನುತ್ತಾರೆ.

ಬಾತ್‌ರೂಮ್ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಕ್ಕಸಿನಲ್ಲಿ ನೀರಿನ ವ್ಯವಸ್ಥೆ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ಗು ಊರಿಂದಲೇ ತನ್ನಿ. ನೆಲದಲ್ಲಿ ನೀರು ಹೋಗುವ ತೂತು ಇರುವುದಿಲ್ಲ, ಬಿದ್ದ ನೀರು ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ವುಳು ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವಾಗ ಕಾಲನ್ನು ಸ್ನಾನದ ತೊಟ್ಟಿಯ ಒಳಗೇ ತೊಳೆಯಬೇಕು. ತೊಟ್ಟಿಯ ಅಂಚು ಎತ್ತರ. ಒದ್ದೆ ಕಾಲಿನಲ್ಲಿ ಜಾರದಂತೆ ಒಳಗೊಂದು, ಹೊರಗೊಂದು ರಬ್ಬರ್ ಮ್ಯಾಟ್ ಹಾಕಿ. ನಾನು ಇಲ್ಲಿ ಮೊದಲು ಕೊಂಡಿದ್ದೇ ಅದನ್ನು.

ನಮಾಜು

ಮೊದಲ ದಿನ ಅಸರ್ (ಇಳಿಹೊತ್ತಿನ ನಮಾಜು) ಹೊತ್ತಿಗೆ ಉಮ್ಮ ಮುಸಲ್ಲ (ನಮಾಜಿನ ಚಾಪೆ) ಬಿಡಿಸಿದರು. ಕಿಟಕಿಯ ಕಡೆಗೆ, ಸೂರ್ಯ ಇಳಿಯುತ್ತಿದ್ದ ದಿಕ್ಕಿಗೆ. ನಮ್ಮ ಮನೆಯಲ್ಲಿ ಹಾಗೇ ಅಲ್ವಾ, ಅಂಗಳದಾಚೆ ಪಡುವಣಕ್ಕೆ ಸ್ವಲ್ಪ ಉತ್ತರಕ್ಕೆ ತಿರುಗಿ ನಿಲ್ಲುತ್ತೇವೆ, ಹುಟ್ಟಿದಾಗಿನಿಂದ ಅದೇ ಅಭ್ಯಾಸ. ಉಪ್ಪ ಫೋನ್ ತೆಗೆದು ನೋಡಿ ಸುಮ್ಮನೆ ನಿಂತರು. ಆಮೇಲೆ ಮುಸಲ್ಲದ ಎರಡು ತುದಿ ಹಿಡಿದು ಮೆಲ್ಲಗೆ ತಿರುಗಿಸಿದರು, ತಿರುಗಿಸುತ್ತಾ ತಿರುಗಿಸುತ್ತಾ ಅದು ಸೂರ್ಯನಿಗೆ ಬೆನ್ನು ಹಾಕಿ ಬಾಗಿಲ ಕಡೆ ಬಂದು ನಿಂತಿತು. ಬರ್ಮಿಂಗ್‌ಹ್ಯಾಮಿನಿಂದ ಮಕ್ಕಾ ಆಗ್ನೇಯಕ್ಕೆ. ಉಮ್ಮ ತಕ್ಷಣ ನಿಲ್ಲಲಿಲ್ಲ. "ಮೋಳೇ, ನಾವು ಅಷ್ಟು ದೂರ ಬಂದಿದ್ದೇವಾ" ಎಂದು ಕೇಳಿದರು. ಭೂಪಟ ತೋರಿಸಿದರೂ ಅವರಿಗೆ ಆಗದ ಅಂದಾಜು ಆ ಚಾಪೆ ತಿರುಗಿದಾಗ ಆಯಿತು.

ನೀವು ರೂಮಿಗೆ ಹೋದ ಕೂಡಲೇ ದಿಕ್ಕು ನೋಡಿ, ನೆಲದ ಮೂಲೆಯಲ್ಲಿ ಒಂದು ಸಣ್ಣ ಟೇಪ್ ಅಂಟಿಸಿ. ಫೋನಿನ ಕಂಪಾಸ್ ಹೀಟರಿನ ಕಬ್ಬಿಣದ ಹತ್ತಿರ ತಪ್ಪು ತೋರಿಸುತ್ತದೆ, ಕೋಣೆಯ ನಡುವೆ ನಿಂತು ಎರಡು ಸಲ ನೋಡಿ.

ವೇಳೆಯ ವಿಷಯ ಇನ್ನೂ ಮುಖ್ಯ. ನಮ್ಮೂರಲ್ಲಿ ವರ್ಷವಿಡೀ ಮಗ್ರಿಬ್ (ಸೂರ್ಯ ಮುಳುಗಿದ ಕೂಡಲೇ ಮಾಡುವ ನಮಾಜು) ಆರು, ಆರೂವರೆ, ಏಳರ ಒಳಗೇ ಓಡಾಡುತ್ತದೆ. ಇಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ ಸಂಜೆ ಏಳೂವರೆ ಹತ್ತಿರ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಮಗ್ರಿಬ್, ಅಂದರೆ ಮಧ್ಯಾಹ್ನದ ಲುಹರ್, ಅಸರ್, ಮಗ್ರಿಬ್ ಮೂರೂ ನಾಲ್ಕು ಗಂಟೆಯ ಒಳಗೆ ಬಂದುಬಿಡುತ್ತವೆ, ಎಲ್ಲ ಕ್ಲಾಸಿನ ಹೊತ್ತಿಗೇ. ಮೊದಲ ವಾರವೇ ಯೂನಿವರ್ಸಿಟಿಯ ಪ್ರೇಯರ್ ರೂಮ್ ಎಲ್ಲಿದೆ, ಹೆಣ್ಣುಮಕ್ಕಳ ಕಡೆಗೆ ವುಳುವಿನ ಜಾಗ ಇದೆಯಾ ಎಂದು ಹೋಗಿ ನೋಡಿ. ಉಮ್ಮನನ್ನೂ ಕರೆದುಕೊಂಡು ಹೋಗಿ ಅಲ್ಲೇ ಒಂದು ಹೊತ್ತು ನಮಾಜು ಮಾಡಿಸಿ. ಅಲ್ಲಿ ಸಿಗುವ ಇಸ್ಲಾಮಿಕ್ ಸೊಸೈಟಿಯ ಹುಡುಗಿಯರ ಜೊತೆ ಅವರು ಎರಡು ಮಾತಾಡಲಿ, ಭಾಷೆ ಬರದಿದ್ದರೂ ಪರವಾಗಿಲ್ಲ, ಸಲಾಂ ಸಾಕು.

ನಮ್ಮ ಕಡೆಯವರು ಹೆಚ್ಚಿನವರು ಶಾಫಿ ಪಂಥದವರು. ಇಲ್ಲಿ ಪಾಕಿಸ್ತಾನ, ಬಾಂಗ್ಲಾ ಮೂಲದವರ ಮಸೀದಿಗಳೇ ಜಾಸ್ತಿ, ಅವರು ಹೆಚ್ಚಾಗಿ ಹನಫಿ ಪಂಥದವರು, ಅವರ ಅಸರ್ ನಮಗಿಂತ ತಡ. ಉಪ್ಪ ಮೊದಲ ಸಲ ಅಸರ್‌ಗೆ ಹೋಗಿ ಜಮಾಅತ್‌ಗೆ (ಸಾಮೂಹಿಕ ನಮಾಜಿಗೆ) ಮುಕ್ಕಾಲು ಗಂಟೆ ಕಾದು ಕೂತರು. ಮಸೀದಿಯ ವೇಳಾಪಟ್ಟಿಯಲ್ಲಿ ಅಸರ್‌ಗೆ ಎರಡು ಕಾಲಂ ಇರುತ್ತದೆ, ಮಿಥ್ಲ್ 1 ಮತ್ತು ಮಿಥ್ಲ್ 2. ಮೊದಲನೆಯದು ನಮ್ಮದು, ಜಮಾಅತ್ ನಡೆಯುವುದು ಎರಡನೆಯದಕ್ಕೆ. ಬೆಳಗಿನ ಸುಬಹಿ ನಮಾಜಿನಲ್ಲಿ ಇಮಾಮರು ನಮ್ಮಲ್ಲಿಯಂತೆ ಕುನೂತ್ ಪ್ರಾರ್ಥನೆ ಓದುವುದಿಲ್ಲ. ಇದನ್ನು ಉಪ್ಪನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಇಮಾಮರು ಮರೆತರು ಅಂದುಕೊಳ್ಳುತ್ತಾರೆ. ಪ್ರಯಾಣದಲ್ಲಿ ಎರಡು ನಮಾಜು ಸೇರಿಸಿ ಮಾಡುವ ಜಂಅ್, ಚಿಕ್ಕದು ಮಾಡುವ ಕಸ್ರ್ ಎಲ್ಲಿಯವರೆಗೆ ಎಂದು ಊರಿನ ಉಸ್ತಾದರ ಹತ್ತಿರ ಕೇಳಿಕೊಂಡೇ ಹೊರಡಿ. ಮೂರು ವಾರ ಒಂದೇ ಊರಿನಲ್ಲಿ ನಿಲ್ಲುವ ಇರಾದೆ ಇದ್ದರೆ ಶಾಫಿಯಲ್ಲಿ ತಲುಪಿದ ಮೇಲೆ ಪೂರ್ತಿ ನಮಾಜೇ.

ನಮ್ಮೂರಲ್ಲಿ ಹೆಂಗಸರು ಪಳ್ಳಿಗೆ (ಮಸೀದಿಗೆ) ಹೋಗಿ ನಮಾಜು ಮಾಡುವ ರೂಢಿ ಇಲ್ಲ. ಇಲ್ಲಿ ಹೊರಗೆ ಸುತ್ತಾಡುವಾಗ ಮಗ್ರಿಬ್ ಆದರೆ ಬೇರೆ ಜಾಗ ಸಿಗುವುದಿಲ್ಲ, ದೊಡ್ಡ ಮಸೀದಿಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ ಇರುತ್ತದೆ. ಬರ್ಮಿಂಗ್‌ಹ್ಯಾಮ್ ಸೆಂಟ್ರಲ್ ಮಸೀದಿಯಲ್ಲೂ ಇದೆ. ಉಮ್ಮನನ್ನು ಒತ್ತಾಯ ಮಾಡಬೇಡಿ, ಇದೆ ಎಂದು ಹೇಳಿ ಬಿಡಿ. ನನ್ನ ಉಮ್ಮ ಎರಡು ಸಲ ಹೊರಗೇ ನಿಂತರು. ಮೂರನೇ ಸಲ ಮಳೆ ಬಂತು, ಒಳಗೆ ಬಂದರು.

ಊಟ, ಅಡುಗೆಮನೆ

ಹಲಾಲ್ ಸಿಗುವುದು ಕಷ್ಟ ಅಲ್ಲ, ಸ್ಪಾರ್ಕ್‌ಹಿಲ್‌ನ ಸ್ಟ್ರ್ಯಾಟ್‌ಫರ್ಡ್ ರಸ್ತೆಯಲ್ಲಿ ಸಾಲಾಗಿ ಅಂಗಡಿಗಳಿವೆ. ಆದರೆ ಹಲಾಲ್ ಎಂಬ ಬೋರ್ಡ್ ಎಲ್ಲ ಕಡೆ ಒಂದೇ ಅರ್ಥ ಕೊಡುವುದಿಲ್ಲ. ಕೆಲವು ಕಡೆ ಕೊಯ್ಯುವ ಮೊದಲು ಪ್ರಾಣಿಯ ಪ್ರಜ್ಞೆ ತಪ್ಪಿಸುತ್ತಾರೆ. ಎಚ್‌ಎಂಸಿ ಎಂಬ ಸಂಸ್ಥೆಯ ಮುದ್ರೆ ಇದ್ದರೆ ಹಾಗೆ ಮಾಡಿಲ್ಲ ಎಂದರ್ಥ. ಉಪ್ಪನಿಗೆ ಇದರಲ್ಲಿ ಕಟ್ಟುನಿಟ್ಟು ಇದ್ದರೆ ಆ ಮುದ್ರೆಯ ಅಂಗಡಿಯನ್ನೇ ಹುಡುಕಿ, ಒಂದು ಸಲ ಅವರನ್ನೇ ಕಟುಕರ ಹತ್ತಿರ ಮಾತಾಡಲು ಬಿಡಿ. ಸೂಪರ್ ಮಾರ್ಕೆಟ್‌ನಲ್ಲಿ ಪ್ಯಾಕೆಟ್ ಹಿಂಭಾಗ ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ: ಜೆಲಟಿನ್ ಎಂದಿದ್ದರೆ ಹಂದಿಯದೂ ಇರಬಹುದು, ಇ120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ471 ಸಸ್ಯದ್ದೂ ಇರಬಹುದು ಪ್ರಾಣಿಯದೂ ಇರಬಹುದು. ವೆಜಿಟೇರಿಯನ್ ಗುರುತು ಇದ್ದರೆ ಮಾಂಸದ ಭಯ ಇಲ್ಲ, ಆದರೆ ಸಾಸ್‌ನಲ್ಲಿ ವೈನ್ ಇರಬಹುದು, ಅದನ್ನು ಬೇರೆಯಾಗಿ ನೋಡಿ.

ಇನ್ನು ಒಗ್ಗರಣೆ. ನಾಲ್ಕನೇ ದಿನ ಉಮ್ಮ ನನ್ನ ಹಾಸ್ಟೆಲ್ ಅಡುಗೆಮನೆ ನೋಡಬೇಕೆಂದು ಬಂದರು. ಒಣಮೆಣಸು ಹುರಿದರು. ಎರಡು ನಿಮಿಷ ಆಗಿರಲಿಲ್ಲ, ಇಡೀ ಕಟ್ಟಡದ ಅಲಾರ್ಮ್ ಕೂಗಿಕೊಂಡಿತು, ನಾಲ್ಕು ಮಹಡಿಯವರೂ ಟವೆಲ್ಲು, ಚಪ್ಪಲಿಯಲ್ಲೇ ಇಳಿದು ಹೊರಗೆ ಚಳಿಯಲ್ಲಿ ನಿಂತರು. ಉಮ್ಮ ಸೌಟು ಹಿಡಿದುಕೊಂಡೇ ಇಳಿದಿದ್ದರು, ಕೈ ನಡುಗುತ್ತಿತ್ತು. ಪಕ್ಕದ ರೂಮಿನ ಹುಡುಗಿ ತನ್ನ ಜಾಕೆಟ್ ತೆಗೆದು ಅವರ ಹೆಗಲಿಗೆ ಹಾಕಿದಳು. ಮಾರನೇ ದಿನ ಉಮ್ಮ ಅವಳಿಗೆ ಪತ್ತಿರಿ, ಕೋಳಿ ಸಾರು ಕಳಿಸಿದರು. ಈಗಲೂ ಫೋನಿನಲ್ಲಿ ಅವಳನ್ನು ವಿಚಾರಿಸುತ್ತಾರೆ. ನೀವು ಹೀಗೆ ಮಾಡಿ: ಮೆಣಸು, ಮಸಾಲೆ ಹುರಿಯುವ ಕೆಲಸವನ್ನೆಲ್ಲ ಊರಲ್ಲೇ ಮುಗಿಸಿ ಪುಡಿ ತನ್ನಿ. ಒಲೆಯ ಮೇಲಿನ ಫ್ಯಾನ್ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಊದುಬತ್ತಿ, ಲೋಬಾನ ಹಾಸ್ಟೆಲ್ಲಿನಲ್ಲಿ ಹಚ್ಚಲೇಬೇಡಿ. ಸ್ಮೋಕ್ ಅಲಾರ್ಮ್‌ಗೆ ಪ್ಲಾಸ್ಟಿಕ್ ಕಟ್ಟುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜೀವದ ವಿಷಯ, ದಂಡವೂ ಬೀಳುತ್ತದೆ.

ಆಫೀಸ್ ಕೆಲಸ, ಅವರ ಕೆಲಸ

ನಿಮ್ಮ ಓಡಾಟಗಳನ್ನು ಮೊದಲ ನಾಲ್ಕು ದಿನದಲ್ಲಿ ಮುಗಿಸಿ. ಯೂನಿವರ್ಸಿಟಿ ಕಾರ್ಡ್, ಬ್ಯಾಂಕ್ ಖಾತೆಗೆ ಬೇಕಾದ ಪತ್ರ, ಸಿಮ್, ಮನೆ ಡಾಕ್ಟರ ಬಳಿ ಅಂದರೆ ಜಿಪಿ ಹತ್ತಿರ ಹೆಸರು ಬರೆಸುವುದು. ವೀಸಾ ಈಗ ಆನ್‌ಲೈನ್ ಖಾತೆಯಲ್ಲಿರುತ್ತದೆ, ಅದನ್ನು ಊರಲ್ಲೇ ತೆರೆದು ಪಾಸ್‌ಪೋರ್ಟ್ ಸೇರಿಸಿಕೊಂಡು ಬನ್ನಿ. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಬೇಡ ಎಂದು ಸ್ಪಷ್ಟವಾಗಿ ಹೇಳಿ, ಬಡ್ಡಿಯ ತಲೆನೋವು ಶುರುವಿನಲ್ಲೇ ತಪ್ಪುತ್ತದೆ. ಈ ಸಾಲುಗಳಿಗೆ ಅವರನ್ನು ಎಳೆದುಕೊಂಡು ಹೋಗಬೇಡಿ. ಜಿಪಿ ಹತ್ತಿರ ಮಾತ್ರ ಕರೆದುಕೊಂಡು ಹೋಗಿ, ಹೆಣ್ಣು ಡಾಕ್ಟರ್ ಬೇಕೆಂದು ಕೇಳಬಹುದು ಎಂಬುದನ್ನು ಉಮ್ಮ ಕಿವಿಯಾರೆ ಕೇಳಲಿ. ತುರ್ತಿಗೆ 999, ರಾತ್ರಿ ಜ್ವರ ಬಂದು ಏನು ಮಾಡುವುದೆಂದು ಗೊತ್ತಾಗದಿದ್ದರೆ 111. ಎರಡನ್ನೂ ಬರೆದು ಫ್ರಿಜ್ಜಿಗೆ ಅಂಟಿಸಿ.

ನೀವು ಓಡಾಡುವಾಗ ಅವರು ಏನು ಮಾಡಬೇಕು? ಇದನ್ನು ಯೋಚಿಸದಿದ್ದರೆ ಇಬ್ಬರೂ ಕಿಟಕಿ ಪಕ್ಕ ಕೂತು ನಿಮ್ಮ ದಾರಿ ಕಾಯುತ್ತಾರೆ. ಊರಲ್ಲಿ ಬೆಳಗ್ಗೆ ಆರಕ್ಕೆ ತೋಟಕ್ಕೆ ಇಳಿಯುವ ಉಪ್ಪನಿಗೆ ಅದು ಜೈಲು. ಉಪ್ಪನಿಗೆ ಹಾಲು, ಬ್ರೆಡ್ ತರುವ ಕೆಲಸ ಕೊಡಿ. ಮೊದಲ ದಿನ ಜೊತೆಗೆ ಹೋಗಿ, ಎರಡನೇ ದಿನ ಹತ್ತು ಹೆಜ್ಜೆ ಹಿಂದೆ ನಡೆಯಿರಿ, ಮೂರನೇ ದಿನ ಒಬ್ಬರೇ ಹೋಗಲಿ. ಬಸ್ಸಿಗೆ ಕಾರ್ಡ್ ತೋರಿಸಿದರೆ ಸಾಕು, ಚಿಲ್ಲರೆ ಬೇಡ. ಅವರ ಫೋನಿಗೂ ಲೋಕಲ್ ಸಿಮ್ ಹಾಕಿ, ಮನೆ ವಿಳಾಸದ ಚೀಟಿ ಜೇಬಿನಲ್ಲಿಡಿ. ಉಪ್ಪ ಎರಡನೇ ಶುಕ್ರವಾರ ಒಬ್ಬರೇ ಜುಮುಅಕ್ಕೆ ಹೋಗಿ, ಬರುವಾಗ ತಲಶ್ಶೇರಿಯ ಒಬ್ಬರನ್ನು ಪರಿಚಯ ಮಾಡಿಕೊಂಡು ಬಂದರು. ಆ ಕುಟುಂಬ ಈಗ ನನಗೆ ಪೆರ್ನಾಲ್‌ಗೆ (ಹಬ್ಬಕ್ಕೆ) ಹೋಗಲು ಇರುವ ಮನೆ. ಇದನ್ನು ನಾನು ಹುಡುಕಿದ್ದರೆ ಸಿಗುತ್ತಿರಲಿಲ್ಲ.

ಸುತ್ತಾಟ ಮೂರನೇ ವಾರಕ್ಕಿರಲಿ, ಲಂಡನ್‌ಗೆ ಒಂದು ದಿನ ಸಾಕು. ಅದಕ್ಕಿಂತ ನೀವು ದಿನಾ ನಡೆಯುವ ದಾರಿಯನ್ನು ಸಂಜೆ ಕತ್ತಲಾದ ಮೇಲೆ ಒಂದು ಸಲ ಅವರ ಜೊತೆ ನಡೆಯಿರಿ, ಲೈಬ್ರರಿಯಿಂದ ರೂಮಿನವರೆಗೆ. ಯಾವ ತಿರುವಿನಲ್ಲಿ ದೀಪ ಇದೆ, ಯಾವ ಅಂಗಡಿ ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ, ಎಲ್ಲ ತೋರಿಸಿ. ಉಮ್ಮ ಪ್ರತಿ ದೀಪದ ಕಂಬ ಎಣಿಸಿದರು.

ಹೊರಡುವ ದಿನ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ನೇರವಾಗಿ ಖಾಲಿ ರೂಮಿಗೆ ಬರಬೇಡಿ. ಅವತ್ತು ಸಂಜೆಗೆ ಯಾರ ಜೊತೆಗಾದರೂ ಊಟ ಗೊತ್ತು ಮಾಡಿಟ್ಟಿರಿ. ಉಮ್ಮ ಮಾಡಿ ಫ್ರೀಜರಿನಲ್ಲಿಟ್ಟ ಪತ್ತಿರಿಯನ್ನು ಅವತ್ತೇ ತೆಗೆಯಬೇಡಿ.

ಫೋನ್ ವೇಳೆಯನ್ನು ಅವರು ಹೊರಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಸೆಪ್ಟೆಂಬರಿನಲ್ಲಿ ನಮಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಗ ಐದೂವರೆ. ಇದನ್ನು ಹೇಳದಿದ್ದರೆ ಆ ಸೋಮವಾರ ನೀವು ಫೋನ್ ಎತ್ತಲು ಒಂದು ಗಂಟೆ ತಡವಾಗುತ್ತದೆ, ಸಿದ್ದಾಪುರದಲ್ಲಿ ಉಮ್ಮ ಮುಸಲ್ಲದ ಮೇಲಿಂದ ಏಳುವುದೇ ಇಲ್ಲ. ಹೊರಡುವ ಹಿಂದಿನ ದಿನ ಉಪ್ಪ ಇಲ್ಲೇ ಒಂದು ಸಣ್ಣ ಗೋಡೆ ಗಡಿಯಾರ ಕೊಂಡರು. ಈಗ ಅದು ಸಿದ್ದಾಪುರದ ನಮ್ಮ ಅಡುಗೆಮನೆಯಲ್ಲಿ ಊರಿನ ಗಡಿಯಾರದ ಪಕ್ಕದಲ್ಲಿದೆ, ಬರ್ಮಿಂಗ್‌ಹ್ಯಾಮಿನ ವೇಳೆ ತೋರಿಸುತ್ತದೆ. ಅಕ್ಟೋಬರಿನಲ್ಲಿ ಮುಳ್ಳು ತಿರುಗಿಸಲು ನಾನು ಫೋನ್ ಮಾಡುವ ಮೊದಲೇ ಉಪ್ಪ ತಿರುಗಿಸಿದ್ದರು.